ಪೆದ್ದಮ್ಮ ಸೇರಿಸಿದ ಎರಡು ಹೆಸರು

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಖಾತ್ರಿಯಿಲ್ಲ. ಹಾಡಿದವಳು ನಾನಲ್ಲ, ನುಡಿಸಿದವಳೂ ಅಲ್ಲ. ನಮ್ಮೂರಿನ ಹಾಲಿನ ಡೈರಿಯಲ್ಲಿ ಫ್ಯಾಟು ನೋಡಿ ಚೀಟಿ ಬರೆಯುವವಳು. ಬಂಗಾರಪೇಟೆಯ ಸಂಜೆ ಕಾಲೇಜಿಗೆ ಓಡಾಡಿ ಬಿ.ಎ. ಮುಗಿಸುವ ಹೊತ್ತಿಗೆ ನನಗೆ ಮೂವತ್ತಾರು ದಾಟಿತ್ತು. ಎಲ್ಲಾದರೂ ತಪ್ಪಿ ಹೇಳಿದ್ದರೆ ಮನ್ನಿಸಬೇಕು. ಆದರೆ ಈ ಪ್ರಸಂಗದ ಮೊದಲ ತಪ್ಪು ನನ್ನದೇ. ಹೇಳದೆ ಇದ್ದರೆ ಅದನ್ನು ಮುಚ್ಚಿಟ್ಟಂತಾಗುತ್ತದೆ.

ನಮ್ಮ ಬೀದಿಯ ಕಲ್ಪನ ಆಂಡರ್ಸನ್‌ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮೂರು ವರ್ಷದಿಂದ ರಜದ ದಿನಗಳಲ್ಲಿ ಹಾಡು ಕಟ್ಟುತ್ತಿದ್ದಳು. ತಮಟೆ ನುಡಿಸುವುದು, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವುದು ಎರಡೂ ಚಾಂಪಿಯನ್ ರೀಫ್ಸಿನ ಆರುಮುಗಂ. ಅವನ ತಾತ ಅಲ್ಲಿನ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ನಾಲ್ಕು ಹಾಡಿಗೆ ಸಾಹಿತ್ಯ ನನ್ನದು, ಅದು ಸಾಹಿತ್ಯ ಎನ್ನಿಸಿಕೊಳ್ಳುವುದಾದರೆ. ಒಟ್ಟು ಏಳು ಹಾಡಿನ ಆಲ್ಬಂ. ಯಾವ ಕಂಪನಿಯೂ ಇಲ್ಲ, ಇಂಟರ್ನೆಟ್ಟಿನಲ್ಲಿ ನಾವೇ ಬಿಡುಗಡೆ ಮಾಡುವುದು. ಹೆಸರು ‘ಮೊದಲ ರೈಲಿನ ಪದಗಳು’.

ಏಳನೆಯ ಹಾಡು ಪೆದ್ದಮ್ಮನದಾಗಬೇಕು ಎಂದು ಕಲ್ಪನ ಮೊದಲಿನಿಂದಲೂ ಹಟ ಹಿಡಿದಿದ್ದಳು. ಪೆದ್ದಮ್ಮ ಕೂಲಿ ಮಾಡುವವಳು. ನಮ್ಮ ಸುತ್ತಿನ ಊರುಗಳಲ್ಲಿ ಅವಳು ಬಂದು ಸೋಬಾನೆ ಹೇಳದೆ ಯಾವ ಮದುವೆಯ ಅರಿಶಿಣವೂ ಮುಗಿಯುವುದಿಲ್ಲ. ಕಲ್ಪನ ಹಾಡು ಕಲಿತಿದ್ದೇ ಅವಳ ಹಿಂದೆ ಕೂತು ಸೊಲ್ಲು ಹಿಡಿದು.

ರೆಕಾರ್ಡಿಂಗ್ ನಡೆದದ್ದು ಉರಿಗಾಂನಲ್ಲಿ ಗಣಿ ಕೆಲಸಗಾರರ ಹಳೆಯ ಲೈನ್ ಮನೆಯೊಂದರಲ್ಲಿ. ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ರಜಾಯಿ, ಗೋಣಿಚೀಲ. ಮಾರಿಕುಪ್ಪಂ ರೈಲು ಹೋದ ಮೇಲೆ ಇನ್ನೊಂದು ಬರುವವರೆಗೆ ಎಷ್ಟು ಹೊತ್ತು ಸಿಗುತ್ತದೋ ಅಷ್ಟರಲ್ಲೇ ಹಾಡಬೇಕು. ರೈಲು ಹೋಯಿತು, ಆರುಮುಗಂ ಕೈ ಎತ್ತಿದ. ಆಗ ಪೆದ್ದಮ್ಮ ನನ್ನ ಕಡೆ ತಿರುಗಿ ಕೇಳಿದಳು:

“ಯಾರ ಎಸ್ರು ಆಕ್ಲಿ ಅಮ್ಮಯ್ಯಾ?”

ಸೋಬಾನೆಯ ಕೊನೆಯ ನುಡಿಯಲ್ಲಿ ಗಂಡು ಹೆಣ್ಣಿನ ಹೆಸರು ಹೇಳಬೇಕು. ಹೆಸರಿಲ್ಲದೆ ಮುಗಿಸಿದರೆ ಹಾಡು ಬಾಗಿಲಲ್ಲೇ ನಿಂತುಬಿಡುತ್ತದೆ, ಮನೆಗೆ ಒಳ್ಳೆಯದಲ್ಲ ಅನ್ನುತ್ತಾರೆ. ಇದು ನನಗೆ ಗೊತ್ತಿರುವ ವಿಷಯವೇ. ಯಾವುದಾದರೂ ಮದುವೆಯಾದ ಜೋಡಿಯ ಹೆಸರು ಯೋಚಿಸಿ ಇಟ್ಟುಕೊಳ್ಳಬೇಕಿತ್ತು. ಇನ್ನೊಂದು ರೈಲು ಬಂದೀತೆಂಬ ಗಾಬರಿಯಲ್ಲಿ, ಬಾಯಿಗೆ ಬಂದದ್ದು ಹಾಕು ಪೆದ್ದಮ್ಮ ಎಂದುಬಿಟ್ಟೆ.

ಅವಳು ಹಾಡಿದಳು. ಕೊನೆಯ ನುಡಿಗೆ ಬಂದಾಗ ಕಣ್ಣು ಮುಚ್ಚಿಕೊಂಡಳು.

ಆರುಮುಗ ಬಂದವ್ನೆ, ಅರಿಶಿಣದ ನೀರ ತನ್ನಿ
ಕಲ್ಪನ ಕುಂತವ್ಳೆ, ಮಲ್ಲಿಗೆಯ ಸರವ ತನ್ನಿ
ಸೋಬಾನವೇ...

ಆರುಮುಗಂ ತಲೆ ಎತ್ತಲಿಲ್ಲ. ತಾಳವನ್ನೂ ಬಿಡಲಿಲ್ಲ. ಕಲ್ಪನ ಒಂದು ಸೊಲ್ಲು ತಪ್ಪಿಸಿ, ಮುಂದಿನದಕ್ಕೆ ದನಿ ಸೇರಿಸಿದಳು. ಆವತ್ತಿನವರೆಗೆ ನಾವು ಹಿಡಿದ ಹಾಡುಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ಅದು ಮೂವರಿಗೂ ಗೊತ್ತಾಗಿತ್ತು. ಅದಕ್ಕೇ ಇರಬೇಕು, ಒಂದು ವಾರ ಹೆಸರಿನ ಮಾತನ್ನು ಯಾರೂ ಎತ್ತಲಿಲ್ಲ.

ಎತ್ತಿದವಳೂ ನಾನೇ. ಬಿಡುಗಡೆಯ ಪುಟಕ್ಕೆ ಸಾಹಿತ್ಯ ಬರೆದುಕೊಡುವಾಗ ಕೇಳಿದ್ದನ್ನು ಕೇಳಿದ ಹಾಗೆ ಬರೆದೆ. ಕಾಗದದ ಮೇಲೆ ನೋಡಿದ ಮೇಲೆ ಭಯ ಹತ್ತಿತು. ಕಲ್ಪನಳಿಗೆ ಮದುವೆಯಾಗಿಲ್ಲ. ಆರುಮುಗಂ ಜನ ಬೇರೆ, ಇವರ ಜನ ಬೇರೆ. ಅವಳ ಅಪ್ಪ ಮುನಿನಾರಾಯಣಪ್ಪ ಹಾಡಲು ಬಿಟ್ಟದ್ದೇ ಒಂದು ಮಾತಿನ ಮೇಲೆ: ಊರಲ್ಲಿ ಯಾರೂ ಬೆರಳು ತೋರಿಸಬಾರದು, ತೋರಿಸಿದ ದಿನ ಹಾಡು ನಿಂತುಹೋಗಬೇಕು.

ಮತ್ತೆ ಹಾಡುತ್ತೀಯಾ ಎಂದು ಪೆದ್ದಮ್ಮನನ್ನು ಕೇಳಿದೆ. ಬೇರೆ ಹಾಡು ಬೇಕಿದ್ದರೆ ರಾತ್ರಿ ಬೆಳಗಾಗುವವರೆಗೂ ಹೇಳುತ್ತೇನೆ, ಇದನ್ನು ಮಾತ್ರ ಇಲ್ಲ ಎಂದಳು. “ಧಾರೆ ಉಯ್ದ ನೀರ ತಿರ್ಗಾ ಚೆಂಬ್ಗೆ ತುಂಬಾಕಾಯ್ತದಾ?”

ಆರುಮುಗಂ ಹೆಸರುಗಳನ್ನು ಕತ್ತರಿಸಿ ಅಲ್ಲಿ ತಮಟೆಯ ಪೆಟ್ಟು ಕೂರಿಸಿದ. ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಕಲ್ಪನ ಎರಡು ಸಲ ಕೇಳಿದಳು.

“ಬಾಯಿಗೆ ಬಟ್ಟೆ ಕಟ್ಟಿದಂಗೈತೆ,” ಎಂದಳು. “ಇದ್ದಂಗೇ ಓಗ್ಲಿ.”

ನಾನು ಅವಳಪ್ಪನ ಮಾತು ನೆನಪಿಸಿದೆ. ಅವಳಿಗೆ ಮರೆತಿರಲಿಲ್ಲ. ಬಿಡುಗಡೆ ಶುಕ್ರವಾರ; ಅಷ್ಟರೊಳಗೆ ಅಪ್ಪನಿಗೆ ತಾನೇ ಕೇಳಿಸುತ್ತೇನೆ ಎಂದಳು. ಕಂಡವರ ಫೋನಿನಲ್ಲಿ ಅವರು ಕೇಳುವುದು ಬೇಡ. ಬೇಡ ಅನ್ನುವುದಾದರೆ ತನ್ನ ಮುಖ ನೋಡಿ ಅನ್ನಲಿ.

ಬುಧವಾರ ಸಂಜೆ ಹಾಲು ಹಾಕಿಸಿಕೊಂಡು ಡೈರಿ ಮುಚ್ಚಿ ನಾನೂ ಅವರ ಮನೆಗೆ ಹೋದೆ. ಧೈರ್ಯ ಹೇಳಲಿಕ್ಕಲ್ಲ. ತಪ್ಪು ನನ್ನದು ಎಂದು ಒಪ್ಪಿಕೊಳ್ಳಲಿಕ್ಕೆ. ಕಲ್ಪನ ಆರುಮುಗನಿಗೆ ಬರಬೇಡ ಎಂದಿದ್ದಳು. ಅವನು ಸ್ಪೀಕರನ್ನು ಬಗಲಿಗೆ ಹಾಕಿಕೊಂಡು ಬಸ್ಸಿಳಿದು ಬಂದೇಬಿಟ್ಟ. ಫೋನಿನಲ್ಲಿ ಕೇಳಿಸಿದರೆ ತಮಟೆ ನೊಣ ಗುಯ್‌ಗುಟ್ಟಿದ ಹಾಗೆ ಇರುತ್ತದೆ, ಹಾಗೆ ಕೇಳಿ ಬೇಡ ಅಂದರೆ ಅದು ನ್ಯಾಯವಲ್ಲ ಎಂಬುದು ಅವನ ವಾದ. ಜಗಲಿ ಹತ್ತದೆ ಬೇವಿನ ಮರದ ಕೆಳಗೆ ನಿಂತ.

ಮುನಿನಾರಾಯಣಪ್ಪ ಹಸುವಿಗೆ ಹಿಂಡಿ ಕಲಸಿಟ್ಟು, ಕೈ ತೊಳೆದು ಬಂದು ಕೂತರು. ಕಲ್ಪನ ಪೀಠಿಕೆ ಹಾಕಲಿಲ್ಲ. ಇದರಲ್ಲಿ ನಿನಗೆ ಹಿಡಿಸದ್ದು ಒಂದಿದೆ, ಪೂರ್ತಿ ಕೇಳಿ ಆಮೇಲೆ ಮಾತಾಡು ಎಂದು ಹೇಳಿ ಹಾಡು ಹಾಕಿದಳು. ಅವಳ ತಾಯಿ ಬಾಗಿಲಿಗೆ ಬಂದು ನಿಂತರು. ಸೋಬಾನವೇ ಎಂಬಲ್ಲಿ ಅವರ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಹೆಸರುಗಳು ಬಂದಾಗ ನಿಂತಿತು.

ಹಾಡು ಮುಗಿಯಿತು. ನಾನು ನನ್ನ ತಪ್ಪೊಪ್ಪಿಗೆ ಶುರುಮಾಡಿದೆ. ಮುನಿನಾರಾಯಣಪ್ಪ ಅಂಗೈ ಎತ್ತಿ ತಡೆದರು. ಮರದ ಕಡೆ ನೋಡಿದರು.

“ಆ ಎಸ್ರು ತೆಗಿಯಾಕಾಯ್ತದೇನಪ್ಪಾ?”

“ತೆಗೆದು ನೋಡ್ದೆ ಸಾರ್,” ಎಂದ ಆರುಮುಗಂ. “ತೆಗೆಯೋಣ ಅಂತಾನೇ ಇದ್ದೆ. ಹಾಡು ಸತ್ತೋಗ್ತದೆ.”

“ನಿನ್ನ ಎಸ್ರೂ ಐತೆ ಅದ್ರಾಗೆ. ನಿಮ್ಮನ್ಯಾಗೆ ಏನಂದ್ರು?”

“ಅಮ್ಮ ಬೈದ್ರು ಸಾರ್. ಬೈದು, ಇನ್ನೊಂದ್ಸಾರಿ ಹಾಕು ಅಂದ್ರು.”

ಬಾಗಿಲಲ್ಲಿ ತಾಯಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಮುನಿನಾರಾಯಣಪ್ಪ ನಗಲಿಲ್ಲ.

“ನಾಳೆ ಊರೋರು ಕೇಳಿದ್ರೆ ನಾನೇನೇಳ್ಲಮ್ಮಾ?”

“ನನ್ನ ಕೇಳಿ ಅನ್ನಪ್ಪ,” ಎಂದಳು ಕಲ್ಪನ. “ಮೂರು ವರ್ಸದಿಂದ ಒಬ್ರೂ ನನ್ನ ಏನೂ ಕೇಳಿಲ್ಲ. ಪದ ಆಡ್ಬೇಡ ಅಂದ್ರೆ ಈಗ್ಲೇ ಅನ್ನು, ನಿನ್ ತಾವ ಜಗಳ ಆಡ್ತೀನಿ, ಆದ್ರೂ ಇಲ್ಲೇ ಇರ್ತೀನಿ. ಎಸ್ರು ತೆಗೆದು ಆಡು ಅಂತ ಮಾತ್ರ ಅನ್ಬೇಡ. ಪೆದ್ದಮ್ಮನ ಪದ ಅರ್ಧ ಕುಯ್ದು ನಾನು ಊರಿಗೆ ಅಂಚಲ್ಲ.”

ಜೋರಾಗಿ ಹೇಳಲಿಲ್ಲ. ಅಪ್ಪನ ಮುಖದಿಂದ ಕಣ್ಣನ್ನೂ ತೆಗೆಯಲಿಲ್ಲ. ಅವಳ ಅರ್ಧದಷ್ಟು ಗಟ್ಟಿತನ ನನಗಿದ್ದಿದ್ದರೆ ಎಂದು ಆ ಹೊತ್ತಿನಲ್ಲೂ ನನಗನ್ನಿಸಿತು. ಅನ್ನಿಸಬಾರದಿತ್ತು, ಅದು ಅವಳ ಕಷ್ಟದ ಹೊತ್ತು.

ಮುನಿನಾರಾಯಣಪ್ಪ ಎದ್ದರು. ಸ್ಪೀಕರು ಎತ್ತಿಕೊಂಡು ಹೋಗಪ್ಪಾ, ಹಸು ಬೆದರಿದರೆ ಹಾಲು ಕೊಡುವುದಿಲ್ಲ ಎಂದು ಆರುಮುಗನಿಗೆ ಹೇಳಿ ಕೊಟ್ಟಿಗೆಗೆ ಹೋದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕಲ್ಪನ ಅಲ್ಲೇ ಕಂಬಕ್ಕೊರಗಿ ಕೂತಳು. ಬೇಡ ಅನ್ನಲಿಲ್ಲವಲ್ಲ, ಶುಕ್ರವಾರ ಹೋಗಲಿ ಎಂದಳು.

ಮರುದಿನ ಬೆಳಿಗ್ಗೆ ಮುನಿನಾರಾಯಣಪ್ಪ ಕ್ಯಾನು ಹಿಡಿದು ಡೈರಿಗೆ ಬಂದರು. ಸಾಲಿನಲ್ಲಿ ಮುಂದಿದ್ದರೂ ಬೇರೆಯವರನ್ನು ಮುಂದೆ ಬಿಟ್ಟು ಕೊನೆಗೆ ನಿಂತರು. ನಾನು ಲ್ಯಾಕ್ಟೋಮೀಟರ್ ಇಳಿಬಿಟ್ಟೆ, ಅಂಕಿ ಎರಡು ಸಲ ನೋಡಬೇಕಾಯಿತು. ಎಲ್ಲರೂ ಹೋದ ಮೇಲೆ ಅವರು ತಗ್ಗಿದ ದನಿಯಲ್ಲಿ ಕೇಳಿದರು:

“ಎಣ್ಣಿನ ಎಸ್ರು ಆಕೀರ. ಯಾರ ಮಗ್ಳು ಅಂತ ಆಕಿಲ್ಲ. ಅಪ್ಪನ ಎಸ್ರು ಇಲ್ದೆ ಅದ್ಯಾವ ಸೋಬಾನೆ ಶ್ಯಾಮಲಮ್ಮಾ?”

ಇದು ಒಪ್ಪಿಗೆಯೋ ದೂರೋ ನನಗೆ ತಿಳಿಯಲಿಲ್ಲ. ಹಾಡನ್ನು ಈಗ ಬದಲಿಸಲು ಬರುವುದಿಲ್ಲ, ಜೊತೆಗಿರುವ ಬರಹವನ್ನು ಬೇಕಿದ್ದರೆ ತಿದ್ದಬಹುದು ಎಂದೆ. ಅವರು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು ಹೊರಟರು.

ಅವಳನ್ನು ಕೇಳದೆ ಅಪ್ಪನ ಹೆಸರು ಬರೆಯಬಾರದೆಂದು ಕಲ್ಪನಳಿಗೆ ಫೋನ್ ಮಾಡಿದೆ. ಬರೀರಿ ಅಕ್ಕ ಎಂದಳು, ಆದರೆ ಪೆದ್ದಮ್ಮನ ಹೆಸರು ಮೇಲಿರಬೇಕು. ಹಾಗೇ ಬರೆದೆ. ಹಾಡಿದವರು ಪೆದ್ದಮ್ಮ. ಜೊತೆಗೆ ಕಲ್ಪನ, ಮುನಿನಾರಾಯಣಪ್ಪನ ಮಗಳು. ತಮಟೆ ಆರುಮುಗಂ. ಶುಕ್ರವಾರ ಏಳು ಹಾಡೂ ಹೊರಗೆ ಬಂದವು, ಒಂದು ಅಕ್ಷರವನ್ನೂ ಕತ್ತರಿಸದೆ.

ಊರಿನಲ್ಲಿ ಕೆಲವರು ನಕ್ಕರು. ಇಬ್ಬರು ಹೆಂಗಸರು ಕಲ್ಪನಳನ್ನು ತಡೆದು ನಿಲ್ಲಿಸಿ ಕೇಳಿಯೇಬಿಟ್ಟರಂತೆ. ಅವಳು ಅವರ ಮುಂದೆಯೇ ಹಾಡನ್ನು ಇನ್ನೊಮ್ಮೆ ಹಾಕಿ ಕೇಳಿಸಿದಳಂತೆ. ಹಾಡು ನಿಂತಿಲ್ಲ. ಭಾನುವಾರ ಉರಿಗಾಂಗೆ ಹೋಗುತ್ತಲೇ ಇದ್ದಾಳೆ.

ಆಮೇಲೊಂದು ದಿನ ಟೊಮೇಟೊ ತೋಟದ ಬದುವಿನಲ್ಲಿ ಪೆದ್ದಮ್ಮ ಸಿಕ್ಕಳು. ಅವರಿಬ್ಬರೂ ಎದುರಿಗೆ ಕೂತಿದ್ದರೆಂದು ಆ ಎರಡು ಹೆಸರು ತಾವಾಗಿ ಬಂದವೋ, ಬೇಕೆಂದೇ ಹಾಕಿದೆಯೋ ಎಂದು ಕೇಳಿದೆ.

“ಎದ್ರಿಗೆ ನೀನೂ ಕುಂತಿದ್ದೆ ಅಲ್ವಾ? ನಿನ್ನೆಸ್ರು ಬಂತಾ?” ಎಂದಳು. ಹೇಳಿ ಬುಟ್ಟಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು.

ಅವಳಿಗೆ ಏನು ತಿಳಿದಿತ್ತೋ ನನಗೆ ಗೊತ್ತಿಲ್ಲ. ಕಲ್ಪನ, ಆರುಮುಗಂ ನಡುವೆ ಏನಾದರೂ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ.