ಕಿವಿ ಕೆಳಗಿನ ಮೆಣಸು

ಇರಿ, ಎದ್ದು ಹೋಗಬೇಡಿ, ಇದೊಂದನ್ನು ಪೂರ್ತಿ ಕೇಳಿಬಿಡಿ, ಆಮೇಲೆ ಬೈಯುವುದಿದ್ದರೆ ಬೈಯಿರಿ — ಸುಟ್ಟ ಕೂದಲಿನ ವಾಸನೆ, ಬೆಳಗಿನಿಂದ ಮೂಗಿನೊಳಗೇ ಕೂತಿದೆ, ಎರಡು ಸಲ ಸೋಪು ಹಾಕಿ ಮುಖ ತೊಳೆದೆ, ಹೋಗಲಿಲ್ಲ, ಮಚ್ಚೆ ಸುಡುವಾಗ ಬರುವ ವಾಸನೆ ಇದು, ನಾಲ್ಕು ವರ್ಷದಿಂದ ಚರ್ಮದ ಡಾಕ್ಟರ ಹತ್ತಿರ ಕೆಲಸಕ್ಕಿದ್ದೇನೆ, ದಿನಕ್ಕೆ ಏಳೆಂಟು ಮಚ್ಚೆ, ಒಂದೆರಡು ಗಂಟು, ಯಾವುದರ ವಾಸನೆಯೂ ನನ್ನ ಹಿಂದೆ ಮನೆತನಕ ಬಂದಿರಲಿಲ್ಲ, ಇವತ್ತು ಬಂದಿದೆ, ಅಕ್ಕನದು ನೋಡಿ, ಅವಳದು ಏನೇ ಆದರೂ ಈ ಮನೆಯ ದಾರಿ ಅದಕ್ಕೆ ಗೊತ್ತು. ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿದ ಅಂಗೈಯಗಲದ ಕನ್ನಡಿ, ಬೆರಳ ತುದಿಯಲ್ಲಿ ಒಂದು ಕಾಳು ಮೆಣಸು, ಗಾಯ ಅಂಟಿಸುವ ಗೋಂದು ಎರಡು ಹನಿ, ಕ್ಲಿನಿಕ್ಕಿನಿಂದ ಜೇಬಿನಲ್ಲಿ ತಂದದ್ದು, ಇಪ್ಪತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು, ಒಂದು, ಎರಡು — ಒಳಕೋಣೆಯಿಂದ ಅಮ್ಮ ಕೂಗುತ್ತಾಳೆ, ನರ್ಸಮ್ಮಾ, ನನ್ನ ಮಗಳು ಬಂದ್ಲಾ. ಇನ್ನೂ ಇಲ್ಲ ಅಂತ ನಾನು. ಐದು, ಆರು. ನಾನೇ ನಿನ್ನ ಮಗಳು ಅಂತ ಹೇಳುವುದನ್ನು ಬಿಟ್ಟು ಎರಡು ವರ್ಷವಾಯಿತು, ಹೇಳಿದರೆ ನಗುತ್ತಾಳೆ, ತಮಾಷೆ ಮಾಡ್ತೀರಾ ನರ್ಸಮ್ಮ, ನನ್ನ ಮಗಳಿಗೆ ಗುರುತಿದೆ, ನನಗೆ ಗೊತ್ತಿಲ್ವಾ.

ಗುರುತು ಇದೆ, ಹೌದು, ಅಕ್ಕನ ಎಡಕಿವಿಯ ಕೆಳಗೆ, ಹುಟ್ಟಿದಾಗಿನಿಂದ, ಉಬ್ಬಿದ ಕರಿ ಮಚ್ಚೆ, ಥೇಟ್ ಕಾಳು ಮೆಣಸು, ಅದಕ್ಕೇ ಅಮ್ಮ ಅವಳನ್ನು ಮೆಣಸು ಅಂತ ಕರೆದದ್ದು, ನನ್ನನ್ನು ಏ ಇವಳೇ ಅಂತ. ಅಮ್ಮನ ಕಣ್ಣು ಮೊದಲು ಹೋಯಿತು, ಆಮೇಲೆ ನೆನಪು, ಅಪ್ಪ ಸತ್ತದ್ದು ಮರೆತಳು, ಬೀದಿ ಮರೆತಳು, ನನ್ನನ್ನು ಮರೆತಳು — ಮರೆಯುವುದಕ್ಕೆ ಅಲ್ಲಿ ಎಷ್ಟಿತ್ತೋ ಅಷ್ಟನ್ನು — ಹೆಬ್ಬೆರಳು ಮಾತ್ರ ಏನನ್ನೂ ಮರೆಯಲಿಲ್ಲ. ನಮ್ಮಿಬ್ಬರ ದನಿ ಒಂದೇ, ಫೋನಿನಲ್ಲಿ ಅಪ್ಪನೇ ಎಷ್ಟೋ ಸಲ ಮೋಸ ಹೋಗುತ್ತಿದ್ದ, ಹಾಗಾಗಿ ದನಿ ಲೆಕ್ಕಕ್ಕಿಲ್ಲ, ಅಕ್ಕ ವಾರಕ್ಕೊಮ್ಮೆ ಕಾಲು ಗಂಟೆ ಬರುತ್ತಾಳೆ, ಕತ್ತು ಬಗ್ಗಿಸುತ್ತಾಳೆ, ಅಮ್ಮ ತಡವಿ ಮೆಣಸನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊರಳಿಸುತ್ತಾಳೆ, ಮುಖದಲ್ಲಿ ದೀಪ ಹಚ್ಚಿದ ಹಾಗೆ, ಬಂದ್ಯೇನೇ ಕಂದಾ ಅನ್ನುತ್ತಾಳೆ. ವಾರದ ಉಳಿದ ಹೊತ್ತೆಲ್ಲ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ತೊಡೆಯ ಸಂದಿಗೆ ಪೌಡರು ಹಾಕುವುದು, ಅದು ನರ್ಸಮ್ಮನದು. ನನ್ನ ಮೈಮೇಲೆ ಹುಡುಕಿದರೂ ಒಂದು ಮಚ್ಚೆಯಿಲ್ಲ, ಅಚ್ಚುಕಟ್ಟಾದ ಚರ್ಮ ಅನ್ನುತ್ತಾರೆ ಡಾಕ್ಟರು, ನೀನು ನಮ್ಮ ಹೊಟ್ಟೆ ಮೇಲೆ ಹೊಡೀತೀಯ ಕಣಮ್ಮ ಅಂತ ನಗುತ್ತಾರೆ.

ಅಕ್ಕ ಮನೆ ಮಾರುತ್ತಾಳೆ, ಕಟ್ಟಡಗಳ ಜಾಹೀರಾತಿನಲ್ಲಿ ಅವಳದೇ ಮುಖ, ನಾನು ಹತ್ತುವ ಬಸ್ಸಿನ ಹಿಂದೆಯೂ ಅವಳೇ, ಬಸ್ಸು ತಪ್ಪಿದ ದಿನ ನನ್ನನ್ನೇ ನೋಡಿ ನಗುತ್ತಾ ದೂರ ಹೋಗುತ್ತಾಳೆ. ಪಟ ತೆಗೆಯುವವನು ಹೇಳಿದನಂತೆ, ಮೇಡಂ, ಪ್ರತಿ ಸಲ ಕೂತು ಪಟದಲ್ಲಿ ಮಚ್ಚೆ ಅಳಿಸೋದಕ್ಕಿಂತ ಒಂದೇ ಸಲ ತೆಗೆಸಿಬಿಡಿ. ತುಟಿಯ ಮೇಲಿನದು, ಗಲ್ಲದ ಜೋಡಿ, ಹುಬ್ಬಿನ ತುದಿಯದು, ಮತ್ತೆ ಎಡಕಿವಿಯ ಹಿಂದೆ ಗೋಲಿಯಷ್ಟು ಒಂದು ಗಂಟು, ಯಾವುದೂ ಕೆಟ್ಟದ್ದಲ್ಲ, ಬರೀ ಅಂದಕ್ಕೆ, ಡಾಕ್ಟರು ಚೀಟಿಯ ಮೇಲೆ ನಿರಪಾಯ ಅಂತ ಬರೆದು ಅಡಿಗೆರೆ ಹಾಕಿದರು. ಗುರುತು ಹಾಕುವುದು ನನ್ನ ಕೆಲಸ, ನೇರಳೆ ಶಾಯಿಯ ಪೆನ್ನು, ತೆಗೆಯುವುದಕ್ಕೆ ಸುತ್ತು, ಉಳಿಸುವುದಕ್ಕೆ ಗೀಟು, ಗೋಡೆಯ ಮೇಲೆ ಡಾಕ್ಟರೇ ಬರೆಸಿದ್ದಾರೆ, ಸುತ್ತಿದ್ದರೆ ಸುಡು, ಗೀಚಿದ್ದರೆ ಬಿಡು, ಹಿಂದೊಮ್ಮೆ ಯಾರದೋ ಮುದ್ದಿನ ಮಚ್ಚೆ ಹೋಗಿ ರಂಪವಾದ ಮೇಲೆ. ಅಕ್ಕ ಕನ್ನಡಿ ಹಿಡಿದು ನೋಡಿಕೊಂಡಳು, ಒಂದು, ಎರಡು, ಸರಿ, ಇದೂ ಸರಿ, ನಾನು ಸುತ್ತುತ್ತಾ ಬಂದೆ, ಆಮೇಲೆ ಮಗ್ಗುಲಿಗೆ ಮಲಗಿಸಿದೆ, ಕಿವಿಯ ಹಿಂದಿನ ಗಂಟಿಗೆ ಸುತ್ತು, ಪಕ್ಕದಲ್ಲೇ, ಎರಡು ಬೆರಳಿನಷ್ಟು ಕೆಳಗೆ, ಮೆಣಸು. ಅದಕ್ಕೆ ಗೀಟು ಹಾಕು ಕಣೇ, ಅದೊಂದನ್ನ ಮುಟ್ಟೋದು ಬೇಡ, ಅಮ್ಮನಿಗೆ ನಾನು ಅಂದ್ರೆ ಅದೇ ತಾನೆ, ಅದು ಹೋದ್ರೆ ನಾನೂ ನಿನ್ನ ಥರ ನರ್ಸಮ್ಮ ಆಗೋಗ್ತೀನಿ. ಅಂದು ನಕ್ಕಳು. ಕೆಟ್ಟ ನಗುವಲ್ಲ, ಅದೇ ಬಸ್ಸಿನ ಹಿಂದಿನ ನಗು. ನನ್ನ ಪೆನ್ನು ಆಗ ಚರ್ಮಕ್ಕೆ ಒಂದು ಕೂದಲೆಳೆ ದೂರದಲ್ಲಿತ್ತು, ಗೀಟು ಎಳೆಯಲೆಂದೇ ಇಳಿದಿತ್ತು, ನಿಜವಾಗಿ, ಅದು ಅಲ್ಲೇ ನಿಂತಿತು, ಮುಚ್ಚಳ ಹಾಕಿದ ಸದ್ದು ಕೇಳಿಸಿತು, ಟಪ್, ಹಾಕಿದ್ಯಾ ಅಂದಳು, ಹೂಂ ಅಂದೆ.

ಅಷ್ಟೇ ಮಾಡಿದ್ದು, ಗೀಟು ಹಾಕಲಿಲ್ಲ, ಸುತ್ತನ್ನೂ ಹಾಕಲಿಲ್ಲ. ಡಾಕ್ಟರು ಬಂದರು, ಗಂಟಿನ ಸುತ್ತ ಮರಗಟ್ಟಿಸುವ ಸೂಜಿ ಕೊಟ್ಟರು, ಕತ್ತಿನ ಆ ಕಡೆಯೆಲ್ಲ ಕಲ್ಲಾಯಿತು, ಗಂಟು ತೆಗೆದರು, ಬಿಳಿ, ಹಿಸುಕಿದ ಬೆಣ್ಣೆಯ ಹಾಗೆ, ಎರಡು ಹೊಲಿಗೆ, ಆಮೇಲೆ ಅವರ ಕನ್ನಡಕ ಕೆಳಗೆ ಸರಿಯಿತು, ಇದಕ್ಕೆ ಗುರುತೇ ಇಲ್ವಲ್ಲ. ನಾನು ಟ್ರೇ ಜೋಡಿಸುತ್ತಿದ್ದೆ. ಮುಖದ ಮೇಲೆ ಬಟ್ಟೆ ಮುಚ್ಚಿಕೊಂಡಿದ್ದ ಅಕ್ಕನನ್ನೇ ಕೇಳಿದರು, ಕಿವಿ ಕೆಳಗಿನದು ಬೇಡ ತಾನೆ ಮೇಡಂ. ಬೇಡ ಡಾಕ್ಟ್ರೇ ಅಂದಳು ಅವಳು, ಗಟ್ಟಿಯಾಗಿ, ಅದು ಖಂಡಿತಾ ಬೇಡ. ನೋಡಿ, ಒಂದೇ ಮಾತು, ಅವರು ಕೇಳಿದ್ದು ಮಚ್ಚೆ ಬೇಡ ತಾನೆ ಅಂತ, ಅವಳು ಹೇಳಿದ್ದು ತೆಗೆಯುವುದು ಬೇಡ ಅಂತ, ಬೇಡ ಅನ್ನುವ ಎರಡಕ್ಷರಕ್ಕೆ ಎರಡು ಬಾಗಿಲು, ಇಬ್ಬರೂ ಒಂದೊಂದರಿಂದ ಒಳಗೆ ಹೋದರು, ನಡುವೆ ನಿಂತವಳು ನಾನೊಬ್ಬಳೇ. ಡಾಕ್ಟರು ನನ್ನ ಕಡೆ ತಿರುಗಿದರು, ಅವರಿಗೆ ನಿಯಮ, ಇಬ್ಬರ ಬಾಯಿಂದ ಕೇಳಬೇಕು. ನಾನು, ಬೇಡವಂತೆ ಸರ್ ಅಂದೆ. ಸುಳ್ಳು ಹೇಳಿದೆನೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಅವಳು ಅಂದದ್ದನ್ನೇ ಅಂದೆ. ಸುಡುವ ಸೂಜಿ ಅವರ ಕೈಗಿಟ್ಟೆ. ಚುರ್ ಅಂತ ಒಂದು ಸದ್ದು, ಒಂದೆಳೆ ಹೊಗೆ, ಮೆಣಸು ಬೂದಿಯಾಯಿತು, ಹತ್ತಿಯಿಂದ ಒರೆಸಿದ್ದು ನಾನೇ. ಗಂಟಿನ ಹೊಲಿಗೆಗೂ ಅದಕ್ಕೂ ಸೇರಿಸಿ ಒಂದೇ ಅಗಲದ ಪಟ್ಟಿ ಹಾಕಿದೆ. ನೋವೇ ಆಗಲಿಲ್ಲ ಕಣೇ ಅಂದಳು ಅಕ್ಕ, ಸಂಜೆ ಅಮ್ಮನನ್ನ ನೋಡೋಕೆ ಬರ್ತೀನಿ, ಕಾಯ್ತಿರು ಅಂತ ಹೇಳು.

ಹತ್ತೊಂಬತ್ತು, ಇಪ್ಪತ್ತು. ಕೈ ಬಿಟ್ಟೆ, ಮೆಣಸು ನಿಂತಿದೆ, ಕನ್ನಡಿಯಲ್ಲಿ ನನ್ನ ಕತ್ತು ನನ್ನದಲ್ಲ ಅನಿಸುತ್ತದೆ, ಸಮವಸ್ತ್ರ ಬಿಚ್ಚಿ ಅಕ್ಕ ಬಿಟ್ಟುಹೋದ ಹಳೆಯ ಅಂಗಿ ಹಾಕಿಕೊಂಡಿದ್ದೇನೆ, ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತೆ, ಕತ್ತು ಬಗ್ಗಿಸಿದೆ. ಅಮ್ಮನ ಕೈ ಬಂತು, ಭುಜ, ಕತ್ತು, ಕಿವಿ, ಅಲ್ಲಿ ನಿಂತಿತು. ಹೆಬ್ಬೆರಳು ಮೆಲ್ಲಗೆ ಹೊರಳಿಸಿತು. ಬಂದ್ಯೇನೇ ಕಂದಾ. ಇಪ್ಪತ್ತಾರು ವರ್ಷ ಬೇಕಾಯಿತು ನನಗೆ ಈ ಮಾತು ಕೇಳಲು, ಕೇಳಿದ ಮೇಲೆ ಏನು ಮಾಡಬೇಕು ಅಂತ ಯೋಚಿಸಿಯೇ ಇರಲಿಲ್ಲ, ಬಂದೆ ಅಮ್ಮ ಅಂದೆ, ಅವಳು ನನ್ನ ತಲೆಯನ್ನು ಎದೆಗೆಳೆದುಕೊಂಡಳು, ನಾನೇ ಬೆಳಿಗ್ಗೆ ಹಾಕಿದ ಪೌಡರಿನ ವಾಸನೆ, ಒಂದು ನಿಮಿಷ, ಇನ್ನೊಂದು ನಿಮಿಷ, ಸಾಕಿತ್ತು ಅಷ್ಟು, ಅಲ್ಲಿಗೇ ಎದ್ದು ಬಂದಿದ್ದರೆ — ಅಮ್ಮ ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು, ಆ ನರ್ಸು ಇದ್ದಾಳಾ ಹತ್ರ. ಇಲ್ಲ ಅಂದೆ. ಅವಳನ್ನ ಬಿಡಿಸಿಬಿಡೇ ಮೆಣಸು, ಕೈ ಒರಟು, ನನ್ನನ್ನ ಸಾಮಾನು ಎತ್ತಿಟ್ಟ ಹಾಗೆ ಎತ್ತಿಡ್ತಾಳೆ, ರಾತ್ರಿ ಕೂತು ಒಬ್ಬಳೇ ಅಳ್ತಾಳೆ, ನಂಗೆ ಭಯ. ನಾನು, ನಿಂಗೆ ಇನ್ನೊಬ್ಬಳು ಮಗಳಿದ್ದಾಳಲ್ಲಮ್ಮ, ಅವಳನ್ನ ಕರೆಸಲಾ ಅಂದೆ, ಯಾಕೆ ಕೇಳಿದೆನೋ, ಹುಣ್ಣು ಅಂತ ಗೊತ್ತಿದ್ದೂ ಕೆರೆದುಕೊಂಡ ಹಾಗೆ. ಅಮ್ಮ ಮೆಣಸನ್ನು ಬೆರಳ ನಡುವೆ ಇನ್ನೊಮ್ಮೆ ಹೊರಳಿಸಿದಳು. ಒಂದು ಆಗಿತ್ತು ಅಲ್ವಾ, ಅಂದಳು, ಹೋಗ್ಲಿ ಬಿಡು, ನೀನೊಬ್ಬಳಿದ್ದೀಯಲ್ಲ. ನಾನು ತಟ್ಟನೆ ತಲೆ ಎತ್ತಿದೆ.

ಮೆಣಸು ಅವಳ ಬೆರಳಲ್ಲೇ ಉಳಿಯಿತು. ಅಮ್ಮ ಬೆರಳಲ್ಲಿದ್ದುದನ್ನು ಹೊರಳಿಸಿ ನೋಡಿದಳು, ನನ್ನ ಕತ್ತನ್ನು ಮುಟ್ಟಿ ನೋಡಿದಳು, ನುಣುಪು, ಮತ್ತೆ ಬೆರಳು, ಮತ್ತೆ ಕತ್ತು, ಅವಳ ಮುಖ ನಿಧಾನವಾಗಿ ಕಳಚಿಕೊಂಡಿತು, ನಾನೇ ಕಿತ್ತುಬಿಟ್ನಲ್ಲೇ, ನನ್ನ ಮಗೂದು ಕಿತ್ತುಬಿಟ್ನಲ್ಲೇ, ನೋವಾಯ್ತಾ, ರಕ್ತ ಬಂತಾ, ಬಾ ಇಲ್ಲಿ, ಅಂಟಿಸ್ತೀನಿ ಬಾ — ಎಂಜಲು ಹಚ್ಚಿ ಅದನ್ನು ನನ್ನ ಕತ್ತಿಗೆ ಒತ್ತುತ್ತಾಳೆ, ಬೀಳುತ್ತದೆ, ಹಾಸಿಗೆಯೆಲ್ಲ ತಡಕಿ ಹುಡುಕುತ್ತಾಳೆ, ಮತ್ತೆ ಒತ್ತುತ್ತಾಳೆ, ನಾನು ಎದ್ದು ಗೋಡೆಗೆ ಆತುಕೊಂಡು ನಿಂತೆ, ಅಷ್ಟರಲ್ಲಿ ಬಾಗಿಲು, ಅಕ್ಕ, ಕತ್ತಿಗೆ ಬಿಳಿ ಪಟ್ಟಿ, ಮುಖದ ತುಂಬ ಸಣ್ಣ ಕೆಂಪು ಚುಕ್ಕೆಗಳು, ಅಮ್ಮಾ ನಾನು, ಮೆಣಸು ಬಂದೆ, ಅಂತ ರೂಢಿಯ ಹಾಗೆ ಕತ್ತು ಬಗ್ಗಿಸಿದಳು. ಅಮ್ಮನ ಕೈ ಪಟ್ಟಿಯನ್ನು ಮುಟ್ಟಿತು, ಉಗುರಿನಿಂದ ಅಂಚು ಬಿಡಿಸಿ ಕೆಳಗೆ ಹೋಯಿತು, ಹಸಿ ಗಾಯ, ಬೇರೇನೂ ಇಲ್ಲ, ಅಕ್ಕ ಸ್ಸ್ ಅಂದಳು. ಯಾರಮ್ಮಾ ನೀವು, ಅಂದಳು ಅಮ್ಮ, ಬಹಳ ಮರ್ಯಾದೆಯಿಂದ. ನಾನಮ್ಮ, ಮೆಣಸು. ಮೆಣಸು ಇಲ್ಲಿದೆ ನೋಡಿ, ಅಂದು ಅಮ್ಮ ಮುಷ್ಟಿ ಬಿಚ್ಚಿದಳು.

ಅಕ್ಕ ಅಂಗೈ ನೋಡಿದಳು, ತನ್ನ ಕತ್ತು ಮುಟ್ಟಿ ನೋಡಿಕೊಂಡಳು, ಆಮೇಲೆ ನನ್ನನ್ನು, ನನ್ನ ಮೈಮೇಲಿನ ತನ್ನ ಅಂಗಿಯನ್ನು. ಬೇಡ ಅಂತ ಹೇಳಿದೆ ತಾನೆ ನೀನು ಅವರಿಗೆ, ಅಂದಳು, ಸಣ್ಣ ದನಿಯಲ್ಲಿ. ಹೇಳಿದೆ ಅಕ್ಕ, ಬೇಡ ಅಂತಲೇ ಹೇಳಿದೆ. ಬಸ್ಸಿನ ಹಿಂದಿನ ಆ ಮುಖ, ನಗುವಿಲ್ಲದೆ, ನೋಡಲು ನನ್ನದೇ ಥರ ಇದೆ, ಈವರೆಗೂ ಗಮನಿಸಿರಲಿಲ್ಲ — ಸುಟ್ಟ ವಾಸನೆ ಈ ಕೋಣೆಯಲ್ಲೂ ಇದೆ, ಅಮ್ಮನ ಅಂಗೈ ಇದೆ, ಸುಕ್ಕುಗಳ ನಡುವೆ ಎಂಜಲಿಗೆ ಒದ್ದೆಯಾದ ಒಂದು ಕಾಳು, ಕರಿಯದು, ಅಕ್ಕನ ಕಡೆ ಚಾಚುತ್ತಾಳೆ, ನಿಮ್ಮದಾ ಇದು, ಅಂಗೈ ತಿರುಗುತ್ತದೆ, ಗೋಡೆಯ ಕಡೆಗೆ, ನನ್ನ ಕಡೆಗೆ, ಅವಳದಮ್ಮ ಅಂದರೆ ಸಾಕು, ಅಕ್ಕ ಮತ್ತೆ ಅಮ್ಮನ ಮೆಣಸಾಗುತ್ತಾಳೆ, ನನ್ನದಮ್ಮ ಅಂದರೆ ಸಾಯುವವರೆಗೂ ಮಗಳು ನಾನೇ, ಅಂಗೈ ವಾಲುತ್ತಿದೆ, ಕಾಳು ಉರುಳಿ ಅಂಚಿಗೆ ಬಂದು ನಿಂತಿದೆ, ಹೇಳೀಮ್ಮ, ಯಾರದಿದು, ನಿಮ್ಮದಾ, ಅಂಗೈ, ಅದರ ಮೇಲೊಂದು ಕಾಳು, ಅಂಗೈ — ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?