ಸೊಟ್ಟ ನಳಿಗೆ

ನಮ್ಮ ವಿಮಾನ ಸಂಗ್ರಹಾಲಯದ ನಿರ್ದೇಶಕನಿಗೆ ವಿಮಾನವೆಂದರೆ ರೆಕ್ಕೆಯಿರುವ ಸೋಫಾ. ಹಿಂದೆ ಪೀಠೋಪಕರಣದ ಮಳಿಗೆ ನಡೆಸಿದ್ದನಂತೆ. ಏನು ಕಂಡರೂ ಮೊದಲು ಹೊಳಪು ಸಾಲದು ಅನ್ನುತ್ತಾನೆ. ನಿಂತಲ್ಲಿಂದಲೇ ನೆಟ್ಟಗೆ ಮೇಲೇಳುತ್ತಿದ್ದ ಮೊದಲ ತಲೆಮಾರಿನ ಯುದ್ಧವಿಮಾನಗಳನ್ನು ಇಂಥವನ ಕೈಗೆ ಒಪ್ಪಿಸಿದ್ದಾರೆ. ಒಪ್ಪಿಸಿದವರ ಬುದ್ಧಿಗೆ ಏನು ಹೇಳಲಿ?

ಅವುಗಳಲ್ಲಿ ಒಂದು, ಅದನ್ನು ಹಾರಿಸುತ್ತಿದ್ದ ನನ್ನ ಭಾವನನ್ನು, ಅಕ್ಕನ ಗಂಡನನ್ನು, ಕೊಂದಿತು. ಪರೀಕ್ಷಾ ಹಾರಾಟದ ದಿನ ಮೂರಾಳೆತ್ತರ ಏರಿ, ಎಡಕ್ಕೆ ವಾಲಿ, ಬಿತ್ತು. 'ಚಾಲಕನ ತಪ್ಪು' ಎಂದು ಬರೆದು ದೊಡ್ಡವರೆಲ್ಲ ಕೈ ತೊಳೆದುಕೊಂಡರು. ಆ ಎರಡು ಪದ ಈಗಲೂ ವಿಮಾನದ ಮುಂದಿನ ಫಲಕದಲ್ಲಿವೆ. ಅವನ್ನು ತೆಗೆಸಲು ಅಕ್ಕ ಮೂವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದಾಳೆ.

ಸಾಕ್ಷಿ ವಿಮಾನದೊಳಗೇ ಇತ್ತು. ಬಿಸಿಗಾಳಿ ಉಗುಳುವ ಅದರ ನಾಲ್ಕು ನಳಿಗೆಗಳು ಚೈನುಗಳ ಮೂಲಕ ಒಟ್ಟಿಗೆ ತಿರುಗಬೇಕು. ಎಡ ಹಿಂದಿನದರ ಚೈನು ಎರಡು ಹಲ್ಲು ಜಾರಿ ಸಿಕ್ಕಿಕೊಂಡು, ಆ ನಳಿಗೆ ಸೊಟ್ಟಗೆ ನಿಂತಿತ್ತು. ವಿಮಾನ ಎಡಕ್ಕೆ ವಾಲಿದ್ದು ಅದಕ್ಕೇ. ಸೈಕಲ್ ತುಳಿದವರಿಗೆಲ್ಲ ಅರ್ಥವಾಗುವ ಸಂಗತಿ. ಸಂಗ್ರಹಾಲಯದ ಮೆಕ್ಯಾನಿಕ್ ನಾನು. ಹೋದ ತಿಂಗಳು ಅಕ್ಕನಿಗೆ ತಿಳಿಸಿದೆ. ಅವಳು ಓಡಾಡಿ, ಅಪಘಾತವನ್ನು ಮತ್ತೆ ಪರಿಶೀಲಿಸಲು ಸಮಿತಿಯೊಂದನ್ನು ಒಪ್ಪಿಸಿದಳು. ಸೋಮವಾರ ಬಂದು ನೋಡುತ್ತೇವೆ ಎಂದರು.

ಸೋಮವಾರ ಬೆಳಿಗ್ಗೆ ಅಕ್ಕ, ನಾನು ಇಬ್ಬರೂ ಶೆಡ್ಡಿಗೆ ಹೋದರೆ ನಾಲ್ಕೂ ನಳಿಗೆ ನೆಟ್ಟಗಿದ್ದವು. ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ನಿರ್ದೇಶಕ ಮುಖ ಅರಳಿಸಿಕೊಂಡು ನಿಂತಿದ್ದ.

"ಸಮಿತಿಯವರು ಬರ್ತಾರಲ್ಲ, ಒಂದು ಸೊಟ್ಟ ಕಾಣ್ತಿತ್ತು, ಸರಿ ಮಾಡಿಸ್ದೆ."

"ಹಳೇ ಚೈನು ಎಲ್ಲಿ?"

"ತುಕ್ಕು ಹಿಡಿದಿತ್ತು ಕಣ್ರೀ. ಶನಿವಾರಾನೇ ಗುಜರಿಗೆ ಹೋಯ್ತು. ಇಷ್ಟೊತ್ತಿಗೆ ಕರಗಿಸಿರ್ತಾರೆ."

ಅವನ ತಲೆಯಲ್ಲಿ ಮಣ್ಣೂ ಇಲ್ಲ, ಇದ್ದಿದ್ದರೆ ಹುಲ್ಲಾದರೂ ಬೆಳೆಯುತ್ತಿತ್ತು. ಬಾಯಿಗೆ ಬಂದದ್ದೆಲ್ಲ ಬೈದೆ. ಇವನ ಹೊಳಪಿಗಿಷ್ಟು ಬೆಂಕಿ ಹಾಕ ಅಂದೆ. ಅವನು ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಬೈದಷ್ಟೂ ನನಗೆ ಹುರುಪು ಬರುತ್ತಿತ್ತು.

"ಫೋಟೋ ಆದ್ರೂ ಇಟ್ಟಿದೀಯಾ?" ಅಕ್ಕ ನಡುವೆ ಕೇಳಿದಳು.

"ಒಂದಿದೆ. ಹೊರಗಿಂದ ತೆಗೆದದ್ದು, ಚೈನು ಕಾಣಲ್ಲ. ಸಮಿತಿಗೆ ಅದು ಸಾಲಲ್ಲ," ಎಂದು ಪರ್ಸಿನಿಂದ ತೆಗೆದುಕೊಟ್ಟೆ.

ಅಕ್ಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಮೂಲೆಯಲ್ಲಿ ಅಚ್ಚಾಗಿದ್ದ ತಾರೀಖನ್ನು ಬೆರಳಿನಿಂದ ಉಜ್ಜಿದಳು.

"ಇದು ಹನ್ನೊಂದು ವರ್ಷದ ಹಿಂದಿನದು."

ನಾನು ಪರ್ಸನ್ನು ಜೇಬಿಗೆ ತುರುಕಿದೆ.

"ನೀನು ಹೋದ ತಿಂಗಳು ಕಣ್ಣಿಗೆ ಬಿತ್ತು ಅಂದಿದ್ದೆ."

"ಆಗ್ಲೇ ಹೇಳಿದ್ರೆ ತನಿಖೆಗೆ ಅಂತ ಪೂರ್ತಿ ಬಿಚ್ಚಿ ಹಾಕ್ತಿದ್ರು, ಅಕ್ಕ. ಆ ಮಾದರಿಯದು ಇಡಿಯಾಗಿ ಉಳಿದಿರೋದು ಇದೊಂದೇ. ನಾನು ಒಂದೊಂದೇ ರಿವೆಟ್ ಹುಡುಕಿ ತಂದು ಕೂಡಿಸಿದ್ದು. ರಿಟೈರ್ ಆಗೋವಾಗ ಹೇಳಿದ್ರಾಯ್ತು ಅಂತ..."

ನನ್ನ ಮಾತು ನನಗೇ ಹೇಸಿಗೆ ತಂದಿತು. ನಿರ್ದೇಶಕ ಕೂಡ ತಲೆ ತಗ್ಗಿಸಿದ.

ಅಕ್ಕ ಫೋಟೋವನ್ನು ಚೀಲಕ್ಕೆ ಹಾಕಿಕೊಂಡಳು. ನಿರ್ದೇಶಕನ ಕಡೆ ತಿರುಗಿ, "ನೀವು ಗೊತ್ತಿಲ್ದೆ ಮಾಡಿದ್ರಿ, ಬಿಡಿ," ಎಂದಳು. ಸಮಿತಿಯವರು ಯಾವ ಬಾಗಿಲಿಂದ ಬರುತ್ತಾರೆ ಎಂದು ಅವನನ್ನೇ ಕೇಳಿಕೊಂಡು, ಅವನ ಜೊತೆಯಲ್ಲೇ ಹೊರಗೆ ನಡೆದಳು.