ಬೊಮ್ಮನ ಕೊರಳ ಬಿಲ್ಲೆ

ನಾನು ಹಿತ್ತಾಳೆಯ ಒಂದು ಬಿಲ್ಲೆ, ಅಂಗೈಯಗಲ. ಮೈಸೂರಿನ ಕಂಚುಗಾರನೊಬ್ಬ ನನ್ನನ್ನು ಎರಕ ಹೊಯ್ದು, ಅರಸರ ಮುದ್ರೆ ಒತ್ತಿ, ದಾರ ಪೋಣಿಸಲು ತೂತು ಕೊರೆದ. ಮೂರು ದಿನ ಎತ್ತಿನ ಗಾಡಿಯಲ್ಲಿ ಕುಲುಕಿ ಕಬಿನಿಯ ಆಚೆಯ ಕಾಡಿಗೆ ಬಂದೆ.

ಅಲ್ಲಿ ಜೇನುಕುರುಬರ ಹಾಡಿಯ ಮುಂದೆ ಬಿಳಿಯ ಸಾಹೇಬನೊಬ್ಬ ನಿಂತಿದ್ದ. ಅವನ ಗುಮಾಸ್ತ ಅರಸರ ನಿರೂಪ ಓದಿದ: ಇಂದಿನಿಂದ ಹಳ್ಳದ ಮೇಲಿನ ಕಾಡೆಲ್ಲ ಸರ್ಕಾರದ್ದು, ಬಿಲ್ಲೆ ಧರಿಸಿದವನು ಇಲ್ಲೇ ವಾಸವಿದ್ದು ಜೇನು, ಗೆಡ್ಡೆ ತೆಗೆಯಬಹುದು, ಅವನನ್ನು ಯಾರೂ ಒಕ್ಕಲೆಬ್ಬಿಸಕೂಡದು. ಆಮೇಲೆ ನನ್ನನ್ನು ಯಜಮಾನ ಬೊಮ್ಮನ ಕೊರಳಿಗೆ ಕಟ್ಟಿದರು.

ಬೊಮ್ಮನ ಹೆಂಡತಿ ಕಿಸಕ್ಕನೆ ನಕ್ಕಳು. “ನಮ್ ಕಾಡ್ಗೆ ನಾವ್ ಹೋಗಕ್ಕೆ ಇದ್ಯಾಕೆ? ಹಸೂಗೆ ಗಂಟೆ ಕಟ್ದಂಗೆ ಕಟ್ಟವ್ರಲ್ಲಾ!”

ಬೊಮ್ಮನೂ ನಕ್ಕ. ನನಗೆ ಮಾತ್ರ ನನ್ನ ಹೊಳಪಿನ ಜಂಬ.

ಮರುವರ್ಷ ತೇಗದ ಗುತ್ತಿಗೆದಾರ ಆನೆಗಳೊಂದಿಗೆ ಬಂದು ಗುಡಿಸಲು ಕೀಳಿರೆಂದ. ಬೊಮ್ಮ ನನ್ನನ್ನು ಎತ್ತಿ ಹಿಡಿದ. ಮುದ್ರೆ ಕಂಡು ಗುತ್ತಿಗೆದಾರ ಆನೆಗಳನ್ನು ತಿರುಗಿಸಿಕೊಂಡು ಹೋದ. ಈ ಜನರನ್ನು ಕಾಯುತ್ತಿರುವುದು ನಾನೇ ಎಂದುಕೊಂಡೆ.

ಅದೇ ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಜೇನು ಇಳಿಸಿಕೊಂಡು ಬರುವಾಗ ಗಾರ್ಡುಗಳು ಅಡ್ಡ ನಿಂತರು. ಬೊಮ್ಮನ ತಮ್ಮ ಕೆಂಚನನ್ನು ಹಿಡಿದು, “ನಿನ್ ಬಿಲ್ಲೆ ಎಲ್ಲೋ?” ಎಂದರು. ಕೆಂಚ ಅಣ್ಣನ ಎದೆಯತ್ತ ಕೈ ತೋರಿಸಿದ.

“ಅದು ಅವನದು. ನೀನು ಕಳ್ಳ.”

ಬೆತ್ತದ ಏಟು ಬೀಳುತ್ತಿದ್ದಾಗ ನಾನು ಎರಡು ಮಾರು ದೂರದಲ್ಲಿ ಬೊಮ್ಮನ ಎದೆಯ ಮೇಲೆ ಏರಿಳಿಯುತ್ತಿದ್ದೆ. ಆರು ತಿಂಗಳ ಸೆರೆಯಿಂದ ಬಂದ ಕೆಂಚ ಮತ್ತೆ ಮರ ಹತ್ತಲಿಲ್ಲ. ಬೊಮ್ಮ ನನ್ನನ್ನು ಬಿಚ್ಚಿ ಮಗನಿಗೆ ಕೊಟ್ಟ. ಮಗ ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿದ.

ಅಲ್ಲಿ ಹೊಗೆ ಹಿಡಿದು ಕಪ್ಪಾದೆ. ಸಾಹೇಬರು ಹೋದರು, ಅರಸರೂ ಹೋದರು. ಹೊಸ ಗಾರ್ಡುಗಳು ಬಂದು ಇದು ಹುಲಿಗೆ ಮೀಸಲು ಎಂದರು. ಪಕ್ಕದ ಹಾಡಿಯವರನ್ನು ಲಾರಿಗೆ ತುಂಬಿ ಒಯ್ದರು. ಕೊನೆಗೊಂದು ಕಾನೂನು ಬಂತು. ಹಿಂದಿನಿಂದಲೂ ಇಲ್ಲೇ ಇದ್ದೆವೆಂದು ತೋರಿಸಿದವರು ಉಳಿಯಬಹುದು.

ವಿಚಾರಣೆಯ ದಿನ ಬೊಮ್ಮನ ಮೊಮ್ಮಗಳು, ಮುದುಕಿ ಮಾಸ್ತಿ, ನನ್ನನ್ನು ಮುಷ್ಟಿಯಲ್ಲಿ ಹಿಡಿದು ಸೆರಗಿನಡಿ ಮುಚ್ಚಿಕೊಂಡಿದ್ದಳು. ಅಧಿಕಾರಿ ಚಿಕ್ಕ ವಯಸ್ಸಿನವನು.

“ಅರಸರ ಕಾಲದ ಬಿಲ್ಲೆ ಯಾರ ಹತ್ರ ಆದ್ರೂ ಇದೆಯಾ? ಇದ್ರೆ ಆ ಮನೆಯವರ ಹಕ್ಕುಪತ್ರ ಇವತ್ತೇ ಆಗುತ್ತೆ.”

“ಮಿಕ್ಕೋರ್ದು, ಬುದ್ಧಿ?”

“ಅವರು ಆಗ ಇಲ್ಲಿದ್ರು ಅನ್ನೋಕೆ ಏನಿದೆ, ಅಜ್ಜಿ?”

ಮಾಸ್ತಿಯ ಮಗ ದಾಸ ಬಾಗಿ ಪಿಸುಗುಟ್ಟಿದ: “ತೋರ್ಸವ್ವ. ನಮ್ ಮನೆಯಾದ್ರೂ ಉಳೀಲಿ.”

ಎದುರಿಗೆ ಕೆಂಚನ ಮೊಮ್ಮಗಳು ಕಾಳಿ ತನ್ನ ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳಿಗೆ ನಾನಿರುವುದು ಗೊತ್ತು. ಅವಳು ಮಾಸ್ತಿಯ ಮುಖ ನೋಡಲಿಲ್ಲ, ಸೆರಗನ್ನೇ ನೋಡುತ್ತಿದ್ದಳು. ಮಾಸ್ತಿಯ ಬೆರಳು ಒಮ್ಮೆ ಸಡಿಲವಾಯಿತು. ಮತ್ತೆ ಬಿಗಿಯಾಯಿತು.

“ಬಿಲ್ಲೆ ಗಿಲ್ಲೆ ಬುಡಿ. ಬನ್ನಿ ನನ್ ಜೊತೆ.”

ದಾಸ ಹಣೆ ಚಚ್ಚಿಕೊಂಡ. ಮಾಸ್ತಿ ಹಳ್ಳ ದಾಟಿ ಒಂದು ದೈತ್ಯ ಮತ್ತಿಮರದ ಬಳಿ ನಿಂತಳು. ಹಿಂದಿನ ಮಳೆಗಾಲದಲ್ಲಿ ದಾರಿಗೆ ಬಿದ್ದಿದ್ದ ಅದನ್ನು ಅರಣ್ಯ ಇಲಾಖೆಯವರೇ ಗರಗಸದಿಂದ ತುಂಡರಿಸಿದ್ದರು. ಬೆರಳ ಸಂದಿಯಿಂದ ನಾನೂ ಕಂಡೆ: ಕೊಯ್ದ ಮುಖದಲ್ಲಿ, ತೊಗಟೆಯಿಂದ ಬಹಳ ಒಳಗೆ, ಮರ ನುಂಗಿಕೊಂಡಿದ್ದ ಬಿದಿರ ಗೂಟ.

“ಜೇನಿಗೆ ಹತ್ತಕ್ಕೆ ಹೊಡ್ದಿದ್ದು,” ಎಂದಳು ಮಾಸ್ತಿ. “ಒಬ್ರು ಹೊಡುದ್ರೆ ಹಾಡಿಯೋರೆಲ್ಲ ಹತ್ತೋರು. ಇದು ಯಾರ ಮನೇದು ಅಂತ ಬರ್ಕೊತೀರಿ?”

ಅಧಿಕಾರಿ ಮೊಣಕಾಲೂರಿದ. ತೊಗಟೆಯಿಂದ ಗೂಟದ ಕಡೆಗೆ, ವರ್ಷಕ್ಕೊಂದರಂತೆ ಬೆಳೆದ ಮರದ ಉಂಗುರಗಳನ್ನು ಪೆನ್ನಿನ ತುದಿಯಿಂದ ಎಣಿಸಿದ. ತಪ್ಪಿತು, ಮತ್ತೆ ಮೊದಲಿಂದ ಎಣಿಸಿದ. ಅರಸರ ನಿರೂಪ ಬಂದ ವರ್ಷ ದಾಟಿದ ಮೇಲೂ ಅವನ ಪೆನ್ನು ಇನ್ನೂ ಹಿಂದಿನ ವರ್ಷಗಳತ್ತ ಸರಿಯುತ್ತಲೇ ಇತ್ತು.

ಎದ್ದು ಮಂಡಿಯ ಮಣ್ಣು ಕೊಡವಿ, “ಎಲ್ಲಾ ಮನೆಯವರ ಹೆಸರು ಹೇಳಿ,” ಎಂದ.

ಮೊದಲು ಹೇಳಿದ್ದು ಕಾಳಿಯ ಹೆಸರು. ಹೇಳಿದವಳು ಮಾಸ್ತಿ.

ಈಗ ನಾನು ಅವಳ ರಾಗಿ ಡಬ್ಬಿಯ ತಳದಲ್ಲಿದ್ದೇನೆ. ‘ಇವರು ಇಲ್ಲಿರಬಹುದು’ ಎಂದು ಹೇಳುವುದಕ್ಕೇ ನನ್ನನ್ನು ಮಾಡಿದ್ದರು. ನಾನು ಹಾಗೆ ಹೇಳಿದಾಗ ಒಬ್ಬ ಉಳಿದ, ಪಕ್ಕದವನು ಕಳ್ಳನಾದ. ನಾನು ಮುಷ್ಟಿಯೊಳಗೆ ಸುಮ್ಮನಿದ್ದ ದಿನ ಎಲ್ಲರೂ ಉಳಿದರು.